ಕೇಬಲ್ಲೋ, ಡಿಶ್ಶೋ, ಇಂಟರ್ನೆಟ್ಟೋ? ಮೈಸೂರು–ಮಂಡ್ಯದ ಮನೆಗಳಿಗೆ ಒಂದು ಹೋಲಿಕೆ

ಕೇಬಲ್ ಬಿಲ್ ಜಾಸ್ತಿಯಾಗಿದೆ, ತೆಗೆಸಿಬಿಡೋಣವಾ? ಡಿಶ್ ಹಾಕಿಸಿದರೆ ಮಳೆ ಬಂದಾಗ ಹೋಗುತ್ತದಂತೆ, ನಿಜವಾ? ವೈಫೈ ಇದೆಯಲ್ಲ, ಮೇಲೆ ಇನ್ನೊಂದು ಯಾಕೆ? ಈ ಮೂರು ಪ್ರಶ್ನೆ ಈಗ ಮನೆಮನೆಯದು. ಮಂಡ್ಯ ಕಡೆಯ ಹಳ್ಳಿಗಳಿಂದ ಇನ್ನೊಂದು ಪ್ರಶ್ನೆಯೂ ಬರುತ್ತದೆ: ಹಳೇ ಆಂಟೆನಾ ಅಟ್ಟದ ಮೇಲೆ ಹಾಗೇ ಬಿದ್ದಿದೆ, ಅದನ್ನೇ ಮತ್ತೆ ನಿಲ್ಲಿಸಿದರೆ ದುಡ್ಡಿಲ್ಲದೆ ಟಿವಿ ಬರಲ್ವಾ?

ಕೊನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಬರಲ್ಲ. ದೂರದರ್ಶನ ತನ್ನ ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ಒಂದೊಂದಾಗಿ ನಿಲ್ಲಿಸುತ್ತಾ ಬಂದು, 2022ರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲವನ್ನೂ ಮುಚ್ಚಿದೆ. ಹಿಡಿಯೋಕೆ ಅಲೆಯೇ ಇಲ್ಲದಿದ್ದರೆ ಆಂಟೆನಾ ಏನು ಮಾಡೀತು? ಆದರೂ ಆಂಟೆನಾದ ಮಾತನ್ನು ಇಲ್ಲಿಗೇ ಬಿಡುವುದಿಲ್ಲ. ಅದು ಯಾಕೆ ಸೋತಿತು, ಕೇಬಲ್ ಯಾಕೆ ಗೆದ್ದಿತು ಅಂತ ಗೊತ್ತಾದರೆ ಇವತ್ತಿನ ಆಯ್ಕೆ ಅರ್ಧ ಸುಲಭವಾಗುತ್ತದೆ.

ಯಾವುದನ್ನು ನೋಡಿ ಆರಿಸಬೇಕು

ನಾನು ಮೊದಲು ಕೇಳುವುದು, ನಿಮ್ಮ ಮನೆಯಲ್ಲಿ ನಿಜವಾಗಿ ಏನು ನೋಡುತ್ತಾರೆ ಅಂತ. ಸಂಜೆಯ ಧಾರಾವಾಹಿಯಾ, ವಾರ್ತೆಯಾ, ಕ್ರಿಕೆಟ್ಟಾ, ಹಳೇ ಸಿನಿಮಾನಾ? ಎರಡನೆಯದು, ಮನೆ ಎಲ್ಲಿದೆ. ಕುವೆಂಪುನಗರದ ಬೀದಿಯ ಮನೆಗೂ ಪಾಂಡವಪುರದ ಹೊರಗಿನ ತೋಟದ ಮನೆಗೂ ಒಂದೇ ಉತ್ತರ ಹೊಂದುವುದಿಲ್ಲ. ಮೂರನೆಯದು, ಕೆಟ್ಟರೆ ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ. ನಾಲ್ಕನೆಯದು ದುಡ್ಡು: ಒಂದೇ ಸಲ ಹಾಕುವುದೆಷ್ಟು, ತಿಂಗಳು ತಿಂಗಳು ಕಟ್ಟುವುದೆಷ್ಟು. ಇದರ ಜೊತೆಗೆ ರಿಮೋಟ್ ಯಾರ ಕೈಯಲ್ಲಿರುತ್ತದೆ ಅನ್ನುವುದೂ ಮುಖ್ಯ. ಎಪ್ಪತ್ತು ದಾಟಿದ ಅಜ್ಜಿಯ ಕೈಯಲ್ಲಿದ್ದರೆ ಲೆಕ್ಕವೇ ಬೇರೆ.

ಎಷ್ಟು ಚಾನೆಲ್ ಬರುತ್ತದೆ ಅನ್ನುವುದನ್ನು ಬೇಕಂತಲೇ ಬಿಟ್ಟಿದ್ದೇನೆ. ಮಾರುವವರು ಮೊದಲು ಹೇಳುವುದೇ ಅದನ್ನು. ಆದರೆ ಮುನ್ನೂರು ಚಾನೆಲ್ ಇರುವ ಮನೆಯಲ್ಲೂ ತಿರುಗಿ ತಿರುಗಿ ನೋಡುವುದು ಎಂಟೋ ಹತ್ತೋ, ಅಲ್ವಾ?

ಆಂಟೆನಾ ಯಾಕೆ ಸೋತಿತು

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರಿನಲ್ಲಿ. ಮರುವರ್ಷ ದೇಶದಲ್ಲಿ ಬಣ್ಣದ ಪ್ರಸಾರ ಬಂತು. ಆ ಕಾಲದಲ್ಲಿ ಮನೆ ಮೇಲೆ ಎದ್ದದ್ದು ಮೀನಿನ ಮುಳ್ಳಿನಂಥ ಅಲ್ಯೂಮಿನಿಯಂ ಆಂಟೆನಾ. 1920ರ ದಶಕದಲ್ಲಿ ಜಪಾನಿನ ಯಾಗಿ ಮತ್ತು ಉಡಾ ರೂಪಿಸಿದ ವಿನ್ಯಾಸ ಅದು. ಅದರ ಅಡ್ಡ ಕಡ್ಡಿಗಳನ್ನು ಕಂಡಕಂಡ ಉದ್ದಕ್ಕೆ ಕತ್ತರಿಸುವಂತಿಲ್ಲ. ಹಿಡಿಯಬೇಕಾದ ಅಲೆಯ ಉದ್ದದ ಹೆಚ್ಚುಕಡಿಮೆ ಅರ್ಧಕ್ಕೆ ಹೊಂದಿಸಿರುತ್ತಾರೆ. ಮುಖ ಟವರ್ ಕಡೆ ನೆಟ್ಟಗಿದ್ದರೆ ಚಿತ್ರ ಚೆನ್ನಾಗಿ ಬರುತ್ತದೆ. ಗಾಳಿಗೆ ಒಂಚೂರು ತಿರುಗಿತೋ, ತೆರೆ ತುಂಬ ಚುಕ್ಕಿ.

ತೊಂದರೆ ಇದ್ದದ್ದು ಆ ಅಲೆಯ ಗುಣದಲ್ಲಿ. ಟಿವಿಯ ಅಲೆ ಬಹುಮಟ್ಟಿಗೆ ಕಣ್ಣು ಹಾಯುವಷ್ಟು ದೂರಕ್ಕೇ ಹೋಗುವಂಥದ್ದು. ನೆಲ ಬಾಗಿದೆ, ನಡುವೆ ಗುಡ್ಡ ಇದೆ, ಕಟ್ಟಡ ಇದೆ. ಬೆಂಗಳೂರಿಂದ ಮಂಡ್ಯ ಸುಮಾರು 100 ಕಿ.ಮೀ., ಮೈಸೂರು 140ಕ್ಕೂ ಜಾಸ್ತಿ. ಅಷ್ಟು ದೂರದ ಸಿಗ್ನಲ್ ಹಿಡಿಯಬೇಕೆಂದರೆ ಕಂಬ ಎತ್ತರವಾಗಬೇಕು, ಬೂಸ್ಟರ್ ಬೇಕು. ಬೂಸ್ಟರ್ ಚಿತ್ರದ ಜೊತೆ ಗದ್ದಲವನ್ನೂ ದೊಡ್ಡದು ಮಾಡುತ್ತಿತ್ತು. ಊರಿನ ಹತ್ತಿರವೇ ಮರುಪ್ರಸಾರದ ಟವರ್ ಇದ್ದರೂ ಬೆಟ್ಟಕ್ಕೋ ಕಟ್ಟಡಕ್ಕೋ ಬಡಿದು ಬಂದ ಅಲೆ ತಡವಾಗಿ ಸೇರಿ, ಒಂದು ಮುಖದ ಪಕ್ಕ ಇನ್ನೊಂದು ಮುಖ ಮಸುಕಾಗಿ ಕಾಣುತ್ತಿತ್ತು. ತಾರಸಿ ಮೇಲೆ ಪೈಪು ತಿರುಗಿಸುವವರು ಒಬ್ಬರು, ಕಿಟಕಿ ಹತ್ತಿರ ಕೂಗುವವರು ಒಬ್ಬರು, ಟಿವಿ ಮುಂದೆ ಒಬ್ಬರು: “ಬಂತು, ಬಂತು, ಹಾಗೇ ಬಿಡು... ಅಯ್ಯೋ, ಹೋಯ್ತು!” ಅಂತ.

ಕೇಬಲ್ ಹುಟ್ಟಿದ್ದೇ ಈ ಕಷ್ಟಕ್ಕೆ. 1948ರ ಸುಮಾರಿಗೆ ಅಮೆರಿಕದ ಪೆನ್ಸಿಲ್ವೇನಿಯಾದ ಮಹನಾಯ್ ಸಿಟಿ, ಆರಿಗನ್‌ನ ಆಸ್ಟೋರಿಯಾದಂಥ ಊರುಗಳಲ್ಲಿ ದೂರದ ನಗರದ ಸಿಗ್ನಲ್ ಮನೆಗಳಿಗೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ಎತ್ತರದ ಜಾಗದಲ್ಲಿ ಒಂದೇ ಒಂದು ಒಳ್ಳೆಯ ಆಂಟೆನಾ ನಿಲ್ಲಿಸಿ, ಅಲ್ಲಿಂದ ಮನೆಗಳಿಗೆ ವೈರ್ ಎಳೆದರು. ಅಂದರೆ ಅಲ್ಲಿ ಕೇಬಲ್ ಮೊದಲು ಗೆದ್ದದ್ದು ಚಿತ್ರದ ಸ್ಪಷ್ಟತೆಯಿಂದ. ಕೇಬಲ್‌ಗೆಂದೇ ಬೇರೆ ಚಾನೆಲ್‌ಗಳು, ಉಪಗ್ರಹದ ಮೂಲಕ ಊರೂರಿಗೆ ಅವನ್ನು ಕಳಿಸುವುದು, ಎಲ್ಲ 1970ರ ದಶಕದ ಮಾತು.

ನಮ್ಮಲ್ಲಿ ಆದದ್ದು ಬೇರೆ. ಇಲ್ಲಿ ಜನ ಕೇಬಲ್ ಹಾಕಿಸಿದ್ದು ಬೇರೆ ಏನಾದರೂ ನೋಡಬೇಕು ಅಂತ. ಆಂಟೆನಾದಲ್ಲಿ ಬರುತ್ತಿದ್ದದ್ದು ದೂರದರ್ಶನ ಒಂದೇ. ಕನ್ನಡಕ್ಕೆ ದಿನದಲ್ಲಿ ಕೆಲವು ಗಂಟೆ, ಉಳಿದದ್ದು ದೆಹಲಿಯಿಂದ. 1980ರ ದಶಕದಲ್ಲಿ ದೊಡ್ಡ ನಗರಗಳಲ್ಲಿ ಕೆಲವರು ಒಂದು ವಿಸಿಆರ್ ಇಟ್ಟುಕೊಂಡು ಸುತ್ತಲ ಮನೆಗಳಿಗೆ ವೈರ್ ಎಳೆದು ಸಿನಿಮಾ ತೋರಿಸಲು ಶುರು ಮಾಡಿದ್ದರು. 1991ರಲ್ಲಿ ಕೊಲ್ಲಿ ಯುದ್ಧದ ನೇರ ದೃಶ್ಯ ಉಪಗ್ರಹದಿಂದ ಬಂತು. ಅದೇ ವರ್ಷ ಸ್ಟಾರ್, 1992ರಲ್ಲಿ ಜೀ. ಕನ್ನಡದವರಿಗೆ ದೊಡ್ಡ ತಿರುವು 1994ರಲ್ಲಿ, ಉದಯ ಟಿವಿ ಬಂದಾಗ. ಕನ್ನಡದ್ದೇ ಒಂದು ಖಾಸಗಿ ಚಾನೆಲ್ ಕೇಬಲ್‌ನಲ್ಲಿ ಬರುತ್ತದೆ ಅಂದಮೇಲೆ ಸುಮ್ನೆ ಕೂರುವವರು ಯಾರು?

ಆಗಿನ ಉಪಗ್ರಹ ಸಿಗ್ನಲ್ ಹಿಡಿಯಲು ಎಂಟು ಹತ್ತು ಅಡಿಯ ದೊಡ್ಡ ಡಿಶ್ ಬೇಕಿತ್ತು. ಒಂದು ಮನೆಯವರು ಹಾಕಿಸುವ ಮಾತೇ ಅಲ್ಲ. ಅದನ್ನು ಇನ್ನೂರು ಮನೆ ಹಂಚಿಕೊಂಡರೆ ತಿಂಗಳಿಗೆ ಪುಡಿಗಾಸು. ಆ ಹಂಚಿಕೆಯನ್ನು ಮಾಡಿಕೊಟ್ಟವನು ಬೀದಿಯ ಕೇಬಲ್‌ನವನು. ತೆಂಗಿನ ಮರದಿಂದ ಲೈಟು ಕಂಬಕ್ಕೆ, ಕಂಬದಿಂದ ಮಹಡಿಗೆ ವೈರ್ ಎಳೆದ. ತಿಂಗಳ ಮೊದಲ ವಾರ ಪುಸ್ತಕ ಹಿಡಿದು ದುಡ್ಡಿಗೆ ಬಂದ. ಚಿತ್ರ ಹೋದರೆ ಅವನ ಮನೆಗೇ ಹೋಗಿ ಕರೆಯಬಹುದಿತ್ತು. ನನ್ನ ಪ್ರಕಾರ ಕೇಬಲ್ ಗೆದ್ದದ್ದು ಎರಡರಿಂದ: ನೋಡಲು ನಮ್ಮ ಭಾಷೆಯದು ಸಿಕ್ಕಿತು, ಕೆಟ್ಟಾಗ ಕರೆಯಲು ನಮ್ಮ ಬೀದಿಯ ಮನುಷ್ಯ ಸಿಕ್ಕಿದ. ಇವತ್ತಿಗೂ ಆಯ್ಕೆ ಮಾಡುವಾಗ ಮುಖ್ಯವಾಗಿ ನೋಡಬೇಕಾದದ್ದು ಈ ಎರಡನ್ನೇ.

ಇವತ್ತಿನ ಕೇಬಲ್

ಹಳೇ ಅನಲಾಗ್ ಕೇಬಲ್ ಮೈಸೂರಿನಲ್ಲಿ ಮುಗಿಯಬೇಕಾದ ಗಡುವು 2013ರ ಮಾರ್ಚ್ 31. ಕೇಬಲ್ಲನ್ನು ಡಿಜಿಟಲ್ ಮಾಡುವ ಕೆಲಸದ ಎರಡನೇ ಹಂತದ ದೇಶದ 38 ನಗರಗಳಲ್ಲಿ ಬೆಂಗಳೂರಿನ ಜೊತೆ ಮೈಸೂರೂ ಇತ್ತು. ಮಂಡ್ಯಕ್ಕೆ ಆಮೇಲಿನ ಹಂತದಲ್ಲಿ ಬಂತು. ಅಲ್ಲಿಂದ ಪ್ರತಿ ಟಿವಿಗೂ ಒಂದು ಸೆಟ್‌ಟಾಪ್ ಬಾಕ್ಸ್ ಕಡ್ಡಾಯ.

ದುಡ್ಡಿನ ವಿಷಯ ಅರ್ಥ ಮಾಡಿಕೊಳ್ಳುವುದು ಮುಖ್ಯ, ಏಕೆಂದರೆ ಇದು ಕೇಬಲ್‌ಗೂ ಡಿಶ್‌ಗೂ ಒಂದೇ. ನಿಮ್ಮ ಬಿಲ್‌ನಲ್ಲಿ ಎರಡು ಭಾಗ ಇರುತ್ತದೆ. ಒಂದು, ಸಂಪರ್ಕಕ್ಕೇ ಕೊಡುವ ಶುಲ್ಕ. ಇನ್ನೊಂದು, ನೀವು ತೆಗೆದುಕೊಂಡ ಪೇ ಚಾನೆಲ್‌ಗಳ, ಅಂದರೆ ಬೇರೆ ದುಡ್ಡು ಕೊಟ್ಟು ನೋಡುವ ಚಾನೆಲ್‌ಗಳ ಬೆಲೆ. 2019ರಲ್ಲಿ ಟಿವಿ, ಫೋನ್ ಸೇವೆಗಳ ನಿಯಂತ್ರಣ ಸಂಸ್ಥೆ ಟ್ರಾಯ್ ಹೊಸ ನಿಯಮ ತಂದಾಗ ಮೊದಲ 100 ಚಾನೆಲ್‌ಗೆ ಸಂಪರ್ಕ ಶುಲ್ಕ 130 ರೂಪಾಯಿ ಮೀರಬಾರದು ಅಂದಿತ್ತು. 18% ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಆಮೇಲೆ ಅದೇ 130ಕ್ಕೆ 200 ಚಾನೆಲ್ ಅಂತಾಯಿತು. 2024ರಲ್ಲಿ ಈ ಮಿತಿಯನ್ನೇ ತೆಗೆದರು. ಈಗ ಕಂಪನಿಗಳೇ ಶುಲ್ಕ ನಿಗದಿ ಮಾಡಿ ಪ್ರಕಟಿಸಬೇಕು. ಹಾಗಾಗಿ ಪಕ್ಕದ ಬೀದಿಯ ದರ ನಿಮ್ಮ ಬೀದಿಯ ದರ ಆಗಬೇಕಿಲ್ಲ, ಕೇಳಿ ತಿಳಿದುಕೊಳ್ಳಿ.

ನೀವು ಉಳಿಸಬಹುದಾದದ್ದು ಎರಡನೇ ಭಾಗದಲ್ಲಿ. ಪ್ಯಾಕ್ ತೆಗೆದುಕೊಳ್ಳಲೇಬೇಕು ಅಂತೇನಿಲ್ಲ, ಬಿಡಿ ಚಾನೆಲ್ ಆರಿಸುವ ಹಕ್ಕು ನಿಮಗಿದೆ. ಮನೆಯಲ್ಲಿ ಎರಡು ಕನ್ನಡ ಮನರಂಜನಾ ಚಾನೆಲ್ ಮಾತ್ರ ನೋಡುವುದಾದರೆ ಹಿಂದಿ, ತಮಿಳು, ಇಂಗ್ಲಿಷ್ ತುಂಬಿದ ದೊಡ್ಡ ಪ್ಯಾಕ್ ಯಾಕೆ? ಆದರೆ ಎಚ್ಚರ, ನಾಲ್ಕೈದು ಪೇ ಚಾನೆಲ್ ದಾಟಿದರೆ ಬಿಡಿ ಬೆಲೆಗಿಂತ ಕನ್ನಡದ ಪ್ಯಾಕೇ ಅಗ್ಗವಾಗುವುದುಂಟು. ಒಂದು ಚೀಟಿಯಲ್ಲಿ ಕೂಡಿ ನೋಡಿ.

ಕೇಬಲ್‌ನ ದೊಡ್ಡ ಲಾಭ ಮಳೆಯಲ್ಲಿ ಗೊತ್ತಾಗುತ್ತದೆ. ಕೇಬಲ್ ಕಂಪನಿಯವರು ಚಾನೆಲ್ ಹಿಡಿಯುವುದು ಹೆಚ್ಚಾಗಿ ದೊಡ್ಡ ಡಿಶ್‌ಗಳಿಂದ, ಸಿ ಬ್ಯಾಂಡ್ ಅನ್ನುವ ಉದ್ದನೆಯ ಅಲೆಗಳಲ್ಲಿ. ಆ ಅಲೆಗೆ ಮಳೆ ಅಷ್ಟಾಗಿ ತಟ್ಟುವುದಿಲ್ಲ. ಅಲ್ಲಿಂದ ನಿಮ್ಮ ಮನೆಗೆ ಬರುವುದು ವೈರ್. ಏಪ್ರಿಲ್–ಮೇ ತಿಂಗಳ ಸಂಜೆ ಮಳೆ ಮೈಸೂರಿನಲ್ಲಿ ಧಾರಾವಾಹಿಯ ಹೊತ್ತಿಗೇ ಸುರಿಯುತ್ತದೆ. ಆಗ ಡಿಶ್ ಮನೆಯ ಟಿವಿ ನಿಂತರೂ ಕೇಬಲ್ ಮನೆಯಲ್ಲಿ ಓಡುತ್ತಿರುತ್ತದೆ.

ಕರೆಂಟ್ ಹೋದರೆ ಮಾತ್ರ ಕಥೆ ಉಲ್ಟಾ. ಬೀದಿಯಲ್ಲಿ ಅಲ್ಲಲ್ಲಿ ಸಿಗ್ನಲ್ ಹೆಚ್ಚಿಸುವ ಆಂಪ್ಲಿಫೈಯರ್ ಇರುತ್ತದೆ. ಅದಕ್ಕೆ ಕರೆಂಟ್ ಬೇಕು. ನಿಮ್ಮ ಮನೆಯಲ್ಲಿ ಯುಪಿಎಸ್ ಇದ್ದರೂ ಹಿಂದಿನ ಬೀದಿಯಲ್ಲಿ ಲೈನ್ ಹೋಗಿದ್ದರೆ ಟಿವಿಯಲ್ಲಿ ಸಿಗ್ನಲ್ ಇರುವುದಿಲ್ಲ. ಪದೇ ಪದೇ ಕರೆಂಟ್ ಹೋಗುವ ಕಡೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ರಿಪೇರಿಯಲ್ಲಿ ಕೇಬಲ್‌ಗೆ ಸಮ ಇಲ್ಲ. ಚೌಕ ಚೌಕವಾಗಿ ಚಿತ್ರ ಒಡೆಯುತ್ತಿದ್ದರೆ ಬಹಳ ಸಲ ತಪ್ಪು ಹೊರಗಿನ ಕನೆಕ್ಟರ್‌ನಲ್ಲಿ. ನೀರು ಇಳಿದು ಒಳಗಿನ ತಾಮ್ರದ ಎಳೆ ಹಸಿರುಗಟ್ಟಿರುತ್ತದೆ. ಕೇಬಲ್ ಹುಡುಗ ಬಂದು ಆ ತುದಿಯನ್ನು ಕತ್ತರಿಸಿ ಎಸೆದು, ಬ್ಲೇಡಿನಿಂದ ವೈರಿನ ಸಿಪ್ಪೆ ಸುಲಿದು, ಹೊರಗಿನ ಜಾಲರಿಯನ್ನು ಹಿಂದಕ್ಕೆ ಮಡಿಸಿ, ಹೊಳೆಯುವ ಎಳೆಗೆ ಹೊಸ ಕನೆಕ್ಟರ್ ತಿರುಗಿಸುತ್ತಾನೆ. ಐದು ನಿಮಿಷದ ಕೆಲಸ. ಸರಸ್ವತಿಪುರಂನಲ್ಲೋ ಅಗ್ರಹಾರದಲ್ಲೋ ಒಂಟಿಯಾಗಿರುವ ಹಿರಿಯರಿಗೆ ಈ ಐದು ನಿಮಿಷದ ಬೆಲೆ ದೊಡ್ಡದು. ಅಂಥ ಮನೆಯ ಕೇಬಲ್ ತೆಗೆಸಿ ಅಂತ ನಾನು ಹೇಳುವುದಿಲ್ಲ.

ತಿಂಗಳ ಬಾಡಿಗೆಯ ಡಿಶ್

ನಮ್ಮಲ್ಲಿ ಖಾಸಗಿ ಡಿಟಿಎಚ್, ಅಂದರೆ ಉಪಗ್ರಹದಿಂದ ನೇರ ಮನೆಯ ಡಿಶ್‌ಗೇ ಬರುವ ಟಿವಿ, ಶುರುವಾದದ್ದು 2003ರಲ್ಲಿ. ಇದರ ಗುಣ ಒಂದೇ ಮಾತಿನಲ್ಲಿ: ಬೀದಿಯಲ್ಲಿ ವೈರ್ ಇರಲಿ ಬಿಡಲಿ, ನಿಮಗೆ ಸಂಬಂಧ ಇಲ್ಲ. ಕಬ್ಬಿನ ಗದ್ದೆ ನಡುವಿನ ಒಂಟಿ ಮನೆಗೆ ಕೇಬಲ್‌ನವರು ವೈರ್ ಎಳೆಯುವುದಿಲ್ಲ, ಎಳೆದರೂ ಗಾಳಿಗೆ ಹರಿಯುತ್ತದೆ. ಅಲ್ಲಿ ಡಿಶ್ ಸರಿ. ಮನೆಯಲ್ಲಿ ಯುಪಿಎಸ್ ಇದ್ದರೆ ಊರಿಗೆಲ್ಲ ಕರೆಂಟ್ ಹೋದಾಗಲೂ ಟಿವಿ ನೋಡಬಹುದು.

ಚಿಕ್ಕ ಡಿಶ್ ಕೆಲಸ ಮಾಡುವುದು ಕೆಯು ಬ್ಯಾಂಡ್ ಅನ್ನುವ, ಸಿ ಬ್ಯಾಂಡ್‌ಗಿಂತ ಸಣ್ಣ ಅಲೆಗಳಲ್ಲಿ. ಡಿಶ್ ಇಷ್ಟು ಚಿಕ್ಕದಾಗಲು ಅದೇ ಕಾರಣ, ಜೋರು ಮಳೆಯಲ್ಲಿ ಸಿಗ್ನಲ್ ಹೋಗಲೂ ಅದೇ ಕಾರಣ. ಅಷ್ಟು ಸಣ್ಣ ಅಲೆಯನ್ನು ಮಳೆಹನಿಗಳು ಹೀರಿಕೊಳ್ಳುತ್ತವೆ. ಸಾಮಾನ್ಯವಾಗಿ ಹತ್ತಿಪ್ಪತ್ತು ನಿಮಿಷದಲ್ಲಿ ತಾನೇ ಸರಿಹೋಗುತ್ತದೆ. ಜಿನುಗು ಮಳೆಗೇ ಹೋಗುತ್ತಿದ್ದರೆ ಅದು ಮಳೆಯ ತಪ್ಪಲ್ಲ. ಡಿಶ್ ಮುಖ ಸ್ವಲ್ಪ ತಿರುಗಿರಬಹುದು, ಕೂರಿಸಿದವರನ್ನು ಕರೆಸಿ.

ಹಾಕಿಸುವ ಮೊದಲು ತಾರಸಿಗೆ ಹತ್ತಿ ಪೂರ್ವದಿಂದ ದಕ್ಷಿಣದವರೆಗೆ ಒಮ್ಮೆ ನೋಡಿ. ಇಲ್ಲಿ ನಾವು ಬಳಸುವ ಉಪಗ್ರಹಗಳು ಇರುವುದು ಮೈಸೂರಿಗಿಂತ ಪೂರ್ವದ ರೇಖಾಂಶಗಳಲ್ಲಿ, ಸಮಭಾಜಕದ ನೆತ್ತಿಯ ಮೇಲೆ. ಹಾಗಾಗಿ ಡಿಶ್ ಮುಖ ಆಗ್ನೇಯದ ಆಸುಪಾಸಿಗೆ, ಚೆನ್ನಾಗಿ ಮೇಲಕ್ಕೆ ಎತ್ತಿರುತ್ತದೆ. ಆ ಕಡೆ ತೆಂಗಿನ ಮರದ ಗರಿಯೋ ಪಕ್ಕದವರು ಏರಿಸುತ್ತಿರುವ ಮೂರನೇ ಮಹಡಿಯೋ ಅಡ್ಡ ಇದ್ದರೆ ಕಷ್ಟ. ಮರ ಇವತ್ತು ಚಿಕ್ಕದಿರಬಹುದು, ನಾಳೆ ಬೆಳೆಯುತ್ತದೆ.

ಇನ್ನೊಂದು ವಿಷಯ. ಮಾರ್ಚ್‌ನಲ್ಲಿ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಕೆಲವು ದಿನ ಹಗಲಲ್ಲಿ ಕೆಲವೇ ನಿಮಿಷ ಚಿತ್ರ ಹೋಗುವುದುಂಟು. ಉಪಗ್ರಹದ ಬೆನ್ನ ಹಿಂದೆ ಸೂರ್ಯ ನೇರ ಬಂದು ಅದರ ಸಿಗ್ನಲ್ ಮುಳುಗಿಸುವುದರಿಂದ ಹೀಗಾಗುತ್ತದೆ. ಕೇಬಲ್‌ನವರ ದೊಡ್ಡ ಡಿಶ್‌ಗೂ ಇದು ತಪ್ಪಿದ್ದಲ್ಲ. ಇದಕ್ಕಾಗಿ ಯಾರನ್ನೂ ಕರೆಸಿ ದುಡ್ಡು ಕೊಡಬೇಡಿ.

ಬಿಟ್ಟಿ ಡಿಶ್: ಆಂಟೆನಾದ ನಿಜವಾದ ವಾರಸುದಾರ

ಅಟ್ಟದ ಆಂಟೆನಾ ಬಗ್ಗೆ ಕೇಳಿದವರಿಗೆ ನನ್ನ ಉತ್ತರ ಡಿಡಿ ಫ್ರೀ ಡಿಶ್. 2004ರ ಡಿಸೆಂಬರಿನಲ್ಲಿ ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿ ಬೇರೆ ಹೆಸರಿನಲ್ಲಿ ಶುರು ಮಾಡಿದ ಸೇವೆ ಇದು. ತಿಂಗಳ ಬಾಡಿಗೆ ಇಲ್ಲ, ರೀಚಾರ್ಜ್ ಇಲ್ಲ. ಡಿಶ್, ಬಾಕ್ಸ್, ಕೂಲಿ ಸೇರಿ ಒಂದು ಸಲಕ್ಕೆ ಎರಡು ಸಾವಿರ ರೂಪಾಯಿ ಆಸುಪಾಸು. ಬಾಕ್ಸ್ ಕೊಳ್ಳುವಾಗ ಎಂಪೆಗ್-4 (ಚಿತ್ರವನ್ನು ಕುಗ್ಗಿಸಿ ಕಳಿಸುವ ಹೊಸ ವಿಧಾನ) ಇರುವುದನ್ನೇ ಕೇಳಿ ತಗೊಳ್ಳಿ. ಹಳೇ ಬಾಕ್ಸ್‌ನಲ್ಲಿ ಎಲ್ಲ ಚಾನೆಲ್ ಬರುವುದಿಲ್ಲ.

ಏನು ಸಿಗುತ್ತದೆ? ಡಿಡಿ ಚಂದನ ಖಂಡಿತ. ದಸರಾದಲ್ಲಿ ಜಂಬೂ ಸವಾರಿಯ ನೇರ ಪ್ರಸಾರ ನೋಡಲು ಇಷ್ಟೇ ಸಾಕು. ದೂರದರ್ಶನದ ಉಳಿದ ಚಾನೆಲ್‌ಗಳು, ಆಕಾಶವಾಣಿ, ಕೆಲವು ವಾರ್ತಾ ಚಾನೆಲ್, ರಾಶಿ ಹಿಂದಿ ಸಿನಿಮಾ ಸಿಗುತ್ತವೆ. ಸಿಗದಿರುವುದು ಏನು ಅನ್ನುವುದೇ ಇಲ್ಲಿ ಮುಖ್ಯ: ಕನ್ನಡದ ದೊಡ್ಡ ಧಾರಾವಾಹಿ ಚಾನೆಲ್‌ಗಳು ಪೇ ಚಾನೆಲ್‌ಗಳು, ಅವು ಇದರಲ್ಲಿ ಇಲ್ಲ. ಸಂಜೆ ಆರೂವರೆಯಿಂದ ಹತ್ತರವರೆಗೆ ಧಾರಾವಾಹಿ ಓಡುವ ಮನೆಯಲ್ಲಿ ಫ್ರೀ ಡಿಶ್ ಒಂದನ್ನೇ ಹಾಕಿಸಿದರೆ ಜಗಳ ಗ್ಯಾರಂಟಿ.

ಕ್ರಿಕೆಟ್‌ನಲ್ಲಿ ಇದಕ್ಕೊಂದು ವಿಶೇಷ ಲಾಭ ಇದೆ. 2007ರ ಕಾನೂನಿನ ಪ್ರಕಾರ, ಸರ್ಕಾರ ಪಟ್ಟಿ ಮಾಡಿದ ಪಂದ್ಯಗಳ ಪ್ರಸಾರವನ್ನು ಖಾಸಗಿಯವರು ದೂರದರ್ಶನದ ಜೊತೆ ಹಂಚಿಕೊಳ್ಳಬೇಕು. ಭಾರತ ಆಡುವ ಏಕದಿನ, ಟಿ20 ಅಂತರರಾಷ್ಟ್ರೀಯ ಪಂದ್ಯಗಳು ಅದರಲ್ಲಿ ಬರುತ್ತವೆ. ಆದರೆ 2017ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಆ ಪ್ರಸಾರ ದೂರದರ್ಶನದ ಸ್ವಂತ ಟ್ರಾನ್ಸ್‌ಮಿಟರ್‌ಗೂ ಫ್ರೀ ಡಿಶ್‌ಗೂ ಮಾತ್ರ. ಅದೇ ಡಿಡಿ ಚಾನೆಲ್ ಕೇಬಲ್‌ನಲ್ಲಿ ಹಾಕಿದರೆ ಪಂದ್ಯ ಬರುವುದಿಲ್ಲ. ಐಪಿಎಲ್ ಈ ಪಟ್ಟಿಯಲ್ಲಿ ಇಲ್ಲ, ಅದಕ್ಕೆ ಬೇರೆ ದಾರಿ ನೋಡಬೇಕು.

ಇಂಟರ್ನೆಟ್ ಇದ್ದರೆ ಸಾಕಾ?

ಮಕ್ಕಳ ಓದಿಗೋ ಮನೆಯಿಂದ ಕೆಲಸ ಮಾಡಲೋ ಫೈಬರ್ ಇಂಟರ್ನೆಟ್ ಹೇಗೂ ಹಾಕಿಸಿದ್ದೀರಿ ಅನ್ನುವುದಾದರೆ ಲೆಕ್ಕ ಬದಲಾಗುತ್ತದೆ. ಎಚ್‌ಡಿ ಚಿತ್ರಕ್ಕೆ 5 ಎಂಬಿಪಿಎಸ್ ವೇಗ ಸಾಕು, ಯಾವ ಫೈಬರ್ ಆದರೂ ಕೊಡುತ್ತದೆ. ಧಾರಾವಾಹಿ ತಪ್ಪಿದರೆ ಆಮೇಲೆ ನೋಡಬಹುದು. ಪ್ರಸಾರ ಭಾರತಿಯ ವೇವ್ಸ್ ಆಪ್ 2024ರಿಂದ ಇದೆ, ದೂರದರ್ಶನದ ಚಾನೆಲ್‌ಗಳು ಅದರಲ್ಲೇ ಸಿಗುತ್ತವೆ.

ಆದರೆ ಬೇರೆ ಬೇರೆ ಚಾನೆಲ್ ಗುಂಪಿಗೆ ಬೇರೆ ಬೇರೆ ಆಪ್. ಒಂದೊಂದಕ್ಕೂ ಚಂದಾ ಕಟ್ಟುತ್ತಾ ಹೋದರೆ ಕೇಬಲ್ ಬಿಲ್ಲೇ ಅಗ್ಗ ಅನ್ನಿಸುತ್ತದೆ. ನೇರ ಪಂದ್ಯವೂ ಅರ್ಧ ನಿಮಿಷದಷ್ಟು ತಡವಾಗಿ ಬರುತ್ತದೆ. ಪಕ್ಕದ ಮನೆಯವರು ಸಿಕ್ಸರ್ ಅಂತ ಕೂಗಿದಾಗ ನಿಮ್ಮ ತೆರೆಯಲ್ಲಿ ಬೌಲರ್ ಇನ್ನೂ ಓಡುತ್ತಿರುತ್ತಾನೆ. ಅಜ್ಜಿಗೆ ಆಪ್ ಹುಡುಕಿ, ಪ್ರೊಫೈಲ್ ಒತ್ತಿ, ಜಾಹೀರಾತು ದಾಟಿ ಧಾರಾವಾಹಿ ಹಾಕಿಕೊಳ್ಳುವುದು ಕಷ್ಟ. ಚಾನೆಲ್ ನಂಬರ್ ಒತ್ತುವುದು ಅವರಿಗೆ ಬಾಯಿಪಾಠ.

ಯಾರಿಗೆ ಯಾವುದು

ಊರೊಳಗೆ ಮನೆ, ಹಿರಿಯರು ಇದ್ದಾರೆ, ಸಂಜೆ ಧಾರಾವಾಹಿ ಬೇಕೇ ಬೇಕು: ಕೇಬಲ್ ಇಟ್ಟುಕೊಳ್ಳಿ, ಪ್ಯಾಕ್ ಮಾತ್ರ ಕತ್ತರಿಸಿ. ಹಾಗಂತ ಕೇಬಲ್‌ನವನಿಗೆ ಫೋನ್ ಮಾಡಿದರೆ ನಾಲ್ಕು ದಿನ ಬರುವುದಿಲ್ಲ ಅನ್ನುವ ಬೀದಿ ನಿಮ್ಮದಾದರೆ ಅವನಿಂದ ಸಿಗುವ ಮುಖ್ಯ ಲಾಭವೇ ಇಲ್ಲ. ಅಲ್ಲಿ ಡಿಶ್ ವಾಸಿ.

ತೋಟದ ಮನೆಗೆ ಡಿಶ್ಶೇ ಸರಿ. ಮನೆಯವರೆಲ್ಲ ಅಲ್ಲೇ ಇದ್ದರೆ ಬಾಡಿಗೆಯದು, ಕಾವಲಿಗೆ ಒಬ್ಬರು ಮಲಗುವ ಜಾಗವಾದರೆ ಫ್ರೀ ಡಿಶ್. ಬಾಡಿಗೆ ಮನೆಯಲ್ಲಿರುವ ಹುಡುಗರಿಗೆ, ಮದುವೆಯಾಗಿ ಹೊಸದಾಗಿ ಬಂದ ಜೋಡಿಗೆ ಇಂಟರ್ನೆಟ್ ಸಾಕು. ಮನೆ ಬದಲಿಸುವಾಗ ಡಿಶ್ ಕಳಚಿ ಮತ್ತೆ ಕೂರಿಸುವ ಖರ್ಚಾದರೂ ಉಳಿಯುತ್ತದೆ.

ಕೈ ಬಿಗಿ ಇರುವವರಿಗೆ ನಾನು ಹೆಚ್ಚಾಗಿ ಹೇಳುವುದು ಜೋಡಿ ದಾರಿ. ಫ್ರೀ ಡಿಶ್ ಒಂದು, ಜೊತೆಗೆ ಈಗಾಗಲೇ ಇರುವ ಫೈಬರ್‌ನಲ್ಲಿ ಮನೆಯವರು ನಿಜವಾಗಿ ನೋಡುವ ಒಂದೇ ಒಂದು ಆಪ್. ಎರಡು ಸಾವಿರದ ಬಾಕ್ಸು, ತಿಂಗಳಿಗೆ 300 ರೂಪಾಯಿ ಕೇಬಲ್ ಕಟ್ಟುತ್ತಿದ್ದ ಮನೆಗೆ ಏಳು ತಿಂಗಳಲ್ಲಿ ತೀರುತ್ತದೆ. ಆಪ್‌ನ ಚಂದಾ ಸೇರಿಸಿದರೆ ಇನ್ನೊಂದೆರಡು ತಿಂಗಳು ಜಾಸ್ತಿ. ಫೈಬರ್ ಇಲ್ಲದ ಮನೆಗೆ ಈ ಲೆಕ್ಕ ಕೂಡುವುದಿಲ್ಲ. ಟಿವಿಗಂತಲೇ ಫೈಬರ್ ಹಾಕಿಸಬೇಡಿ.

ಯಾವುದಕ್ಕೇ ಬದಲಾಯಿಸಿದರೂ ಮೊದಲ ತಿಂಗಳು ಹಳೆಯದನ್ನು ತೆಗೆಸಬೇಡಿ, ಎರಡೂ ಓಡಲಿ. ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಇಷ್ಟು ಬಿಡುತ್ತೇವೆ ಅನ್ನುವವರಿಗೆ ಮೂರು ತಿಂಗಳು ಬಿಟ್ಟು ನೋಡೋಣ ಅನ್ನಿ. ಕೇಬಲ್ ಬಾಕ್ಸ್ ವಾಪಸ್ ಕೊಡುವಾಗ ಠೇವಣಿ ಇದ್ದರೆ ಕೇಳಿ ಪಡೆಯಿರಿ, ಕೊಟ್ಟದ್ದಕ್ಕೆ ರಸೀದಿ ತಗೊಳ್ಳಿ. ಡಿಶ್ ಕೂರಿಸುವವರು ತಾರಸಿಗೆ ಬೋಲ್ಟ್ ಹೊಡೆದರೆ ಆ ತೂತಿನ ಸುತ್ತ ಅವರು ಹೋಗುವ ಮೊದಲೇ ಸಿಮೆಂಟ್ ಹಚ್ಚಿಸಿ. ಸಾಧ್ಯವಾದರೆ ನೆಲದ ಬದಲು ಗೋಡೆಗೇ ಕೂರಿಸಲು ಹೇಳಿ, ಮಳೆಗಾಲದಲ್ಲಿ ಕೆಳಗಿನ ಕೋಣೆ ಸೋರುವುದಿಲ್ಲ.